ಗಂಟಲು ಕಟ್ಟಿದ ಡಿಸೆಂಬರ್

೩ ಡಿಸೆಂಬರ್ ೨೦೦೬, ಭಾನುವಾರ ಸಂಜೆ

ಸಂಡೇ ಸ್ಕೂಲ್ ಮುಗಿಸಿ, ಚಹಾದ ಕಪ್ಪುಗಳನ್ನು ತೊಳೆದಿಟ್ಟು, ಚರ್ಚಿಗೆ ಬೀಗ ಹಾಕಿಸಿ ಈಗ ಮನೆಗೆ ಬಂದೆ. ಕಾಲು ನೋಯುತ್ತಿದೆ. ನೋಯಲಿ ಬಿಡು. ಸಿಕ್ಕಿತು! ಇಪ್ಪತ್ತನಾಲ್ಕರ ಕ್ಯಾರಲ್ ಸರ್ವಿಸ್‌ನಲ್ಲಿ, ಕ್ರಿಸ್ಮಸ್ ಹಾಡುಗಳ ಆರಾಧನೆಯಲ್ಲಿ, ನಮಗೂ ಒಂದು ಹಾಡು ಸಿಕ್ಕಿತು!

ದೆಹಲಿಯ ಈ ಒಂದೇ ಚರ್ಚಿನಲ್ಲಿ ಇಷ್ಟು ವರ್ಷ ತಮಿಳರು ಹಾಡಿದರು, ಮಲಯಾಳಿಗಳು ಹಾಡಿದರು, ಹಿಂದಿಯವರಂತೂ ಸರಿಯೇ ಸರಿ. ನಾವು ಮಾತ್ರ ಅವರೆಲ್ಲ ಊಟಕ್ಕೆ ಹೋದ ಮೇಲೆ, ಖಾಲಿ ಚರ್ಚಿನಲ್ಲಿ ಸದ್ದಿಲ್ಲದೆ ಆರಾಧನೆ ಮುಗಿಸಿ ಬರುವವರು. ಈ ಸಲ ಕನ್ನಡ! ತುಂಬಿದ ಸಭೆಯ ಮುಂದೆ!

ನಮ್ಮ ಸಭೆಯ ಹಿರಿಯರು ಸೋಮಶೇಖರ್ ಅಂಕಲ್, "ಮನೋರಮಾ ಟೀಚರ್, ಹಾಡು ನೀವೇ ಆರಿಸಿಬಿಡಿ" ಎಂದರು. ಆರಿಸುವುದೇನು ಬಂತು? ಅಪ್ಪ ಕಟ್ಟಿದ ತೊಟ್ಟಿಲ ಹಾಡು. ಗೋದಲಿಯಲ್ಲಿ ಮಲಗಿದ ಬಾಲಯೇಸುವಿಗೆ ಲಾಲಿ. ಎರಡನೇ ಚರಣವನ್ನು ಒಬ್ಬರೇ ಹಾಡಬೇಕು. ಅದು ನಾನು. ಇನ್ಯಾರಿದ್ದಾರೆ?

ಧನ್ಯಾಳಿಗೂ ಗುಂಪಿನಲ್ಲಿ ನಿಲ್ಲು ಎಂದೆ. "ಬೋರ್ಡ್ಸ್ ಇದೆ ಅಮ್ಮಾ. ಮತ್ತೆ ಆಪ್ ಸಬ್ ಕೇ ಸಾಮ್ನೇ ಟೋಕೋಗೀ" ಎಂದಳು. ಎಲ್ಲರ ಮುಂದೆ ತಿದ್ದುತ್ತೇನಂತೆ. ತಪ್ಪು ಹಾಡಿದರೆ ತಿದ್ದದೆ ಆರತಿ ಎತ್ತಲೇ? ಹತ್ತನೇ ಕ್ಲಾಸಿನ ಹುಡುಗಿ, ದೆಹಲಿಯಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ.

೬ ಡಿಸೆಂಬರ್, ಬುಧವಾರ

ಸ್ಕೂಲಿನಲ್ಲಿ ಆರು ಪೀರಿಯಡ್. ಅಲ್ಲಿಂದ ನೇರ ಬಸ್ಸು ಹಿಡಿದು ಯಮುನೆ ದಾಟಿ ಮಯೂರ್ ವಿಹಾರ್. ಪ್ರ್ಯಾಕ್ಟೀಸ್ ಸೋಮಶೇಖರ್ ಅಂಕಲ್ ಮನೆಯಲ್ಲಿ. ಜನ ಬರುತ್ತಿದ್ದಾರೆ! ಊರಿನ ಆ ತುದಿಯ ರೋಹಿಣಿಯಿಂದ ಕೂಡ! ಜೆಎನ್‌ಯುನ ಸುದರ್ಶನ್ ಕೀಬೋರ್ಡ್ ಹೊತ್ತುಕೊಂಡು ಆಟೋದಲ್ಲಿ ಬಂದ.

ಎಲ್ಲರೂ ಹಾಡನ್ನು ಎಳೆಯುತ್ತಾರೆ, ಎಮ್ಮೆ ಕೆಸರಲ್ಲಿ ನಡೆದ ಹಾಗೆ. ಚಪ್ಪಾಳೆ ಹೊಡೆದು ಹೊಡೆದು ಓಡಿಸಿದೆ. ಗಂಟಲು ಸ್ವಲ್ಪ ಗರಗರ. ಮೆಣಸಿನ ಕಷಾಯ ಕುಡಿದೆ.

"ಒಂದಿನಾ ಆದ್ರೂ ಸುಮ್ನೆ ಕೂತ್ಕೋ ಮಾರಾಯ್ತಿ" ಎಂದರು ಇವರು. ಚಂದ್ರಮೋಹನರದ್ದು ಸರ್ಕಾರಿ ಬುದ್ಧಿ. ಐದೂವರೆ ಆದರೆ ಫೈಲ್ ಮುಚ್ಚುವುದು. ಕರ್ತನ ಕೆಲಸಕ್ಕೆ ಐದೂವರೆ ಉಂಟೇ? ನಾನು ಕೂತರೆ ಹಾಡಿಸುವವರು ಯಾರು, ಸಂಡೇ ಸ್ಕೂಲ್ ಯಾರು, ಇಪ್ಪತ್ತೈದರ ಊಟ ಯಾರು?

೯ ಡಿಸೆಂಬರ್, ಶನಿವಾರ

ಹೋಯಿತು. ದನಿ ಹೋಯಿತು. ನಿನ್ನೆ ಪ್ರ್ಯಾಕ್ಟೀಸಿನ ಮಧ್ಯೆ "ಬೇಗ, ಬೇಗ" ಎಂದು ಕೂಗಿದೆ. ಎರಡನೇ "ಬೇಗ" ಹೊರಗೇ ಬರಲಿಲ್ಲ. ಬರೀ ಗಾಳಿ.

ಗಂಟಲಿನ ಡಾಕ್ಟರ್ ವಯಸ್ಸಾದ ಸರ್ದಾರ್‌ಜಿ. ಒಳಗೆ ಕನ್ನಡಿ ಬಿಟ್ಟು ನೋಡಿದರು. ಊದಿ ರಕ್ತ ಕಟ್ಟಿದೆಯಂತೆ. "ಬೇಟಾ, ಕ್ರಿಸ್ಮಸ್ ಮುಗಿಯೋವರೆಗೂ ಬಿಲ್ಕುಲ್ ಚುಪ್. ಪಿಸುಮಾತೂ ಇಲ್ಲ" ಎಂದರು, ಹಿಂದಿಯಲ್ಲಿ. ಮಾತಾಡಿದರೆ ದನಿ ಶಾಶ್ವತವಾಗಿ ಹೋಗಬಹುದು. ಹಾಡುವುದಿದೆ ಎಂದು ಚೀಟಿ ಬರೆದು ತೋರಿಸಿದೆ. ಓದಿ ನಕ್ಕರು. ಸ್ಕೂಲಿಗೆ ಮೆಡಿಕಲ್ ರಜೆ.

ಕರ್ತನೇ, ಇದೇನು ತಮಾಷೆ? ಹದಿನೇಳು ವರ್ಷ ಕಾದು ಸಿಕ್ಕಿದ ಒಂದೇ ಒಂದು ಹಾಡು. ನಿನ್ನ ಕೆಲಸಕ್ಕೆ ಬೇಕಾದ ಗಂಟಲನ್ನು ನೀನೇ ಕಾಪಾಡಬಾರದಿತ್ತೇ? ನಿಜಕ್ಕೂ ಸಿಟ್ಟು ಬಂದಿದೆ. ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ, ನಿನಗೆ ಹೇಗೂ ಗೊತ್ತಾಗುತ್ತದೆ.

೧೩ ಡಿಸೆಂಬರ್, ಬುಧವಾರ

ಸುಮ್ಮನೆ ನೋಡಿಕೊಂಡು ಬರುತ್ತೇನೆಂದು ಪ್ರ್ಯಾಕ್ಟೀಸಿಗೆ ಹೋದೆ. ಕೈಯಲ್ಲಿ ಸ್ಲೇಟು ಬಳಪ. ಮೂಲೆಯಲ್ಲಿ ಕೂತೆ. ತುಟಿ ಪಿಟಕ್ಕೆನ್ನಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಆದರೆ ಒಬ್ಬರೂ ಈಗ ಹಾಡಿಸುವ ಸುದರ್ಶನ್ ಕಡೆ ನೋಡಲೊಲ್ಲರು! ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಹುಬ್ಬು ಗಂಟಿಕ್ಕಿದರೆ ಸಾಕು, ಹಾಡು ಅಲ್ಲೇ ನಿಲ್ಲುತ್ತದೆ. ಮೂರು ಸಲ ಹಾಗೇ ಆಯಿತು. ಕೊನೆಗೆ ಸೋಮಶೇಖರ್ ಅಂಕಲ್ ಪಕ್ಕ ಬಂದು ಕೂತರು.

"ಟೀಚರ್, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಬಾಯಿಗೇನೋ ರಜಾ ಸಿಕ್ಕಿದೆ, ಮುಖಕ್ಕೆ ಇನ್ನೂ ಸಿಕ್ಕಿಲ್ಲ. ಇಪ್ಪತ್ನಾಲ್ಕರ ತನಕ ಮನೇಲಿದ್ದು ರೆಸ್ಟ್ ಮಾಡಿ."

ಎರಡನೇ ಚರಣ ಯಾರು ಹಾಡುತ್ತಾರೆ ಎಂದು ಸ್ಲೇಟಿನ ಮೇಲೆ ಬರೆದೆ.

"ದೇವರು ನೋಡ್ಕೋತಾನೆ."

ದೇವರಿಗೆ ಶ್ರುತಿ ಕೊಡುವವರು ಯಾರು ಎಂದು ಬರೆದೆ. ಅವರು ಓದುವ ಮೊದಲೇ ಒರೆಸಿದೆ. ಆಟೋದಲ್ಲಿ ನಿಜಾಮುದ್ದೀನ್ ಸೇತುವೆ ಉದ್ದಕ್ಕೂ ಅತ್ತೆ. ಅಳುವುದನ್ನೂ ಸದ್ದಿಲ್ಲದೆ ಅಳಬೇಕು.

೧೬ ಡಿಸೆಂಬರ್, ಶನಿವಾರ

ಪಕ್ಕದ ಮನೆಯ ಪದ್ಮಾ ಬಂದಿದ್ದರು. ಧನುರ್ಮಾಸದ ಹುಗ್ಗಿಯ ಡಬ್ಬಿ ಹಿಡಿದುಕೊಂಡು. ಕೂತವರು ಎರಡು ಗಂಟೆ ಎದ್ದಿಲ್ಲ. "ನಿಮ್ ಜೊತೆ ಮಾತಾಡೋಕೆ ಈಗ ಎಷ್ಟು ಚೆನ್ನಾಗಿದೆ ರೀ!" ಎಂದು ಬೇರೆ. ಹೋದ ವರ್ಷ ಅವರ ತಮ್ಮನಿಗೆ ಹಾರ್ಟ್ ಆಪರೇಷನ್ ಆಗಿತ್ತಂತೆ. ಗೋಡೆಗೆ ಗೋಡೆ ತಾಗಿದ ಮನೆ. ನನಗೆ ಗೊತ್ತೇ ಇರಲಿಲ್ಲ. ಅವರು ಹೇಳಲು ಬಂದಾಗಲೆಲ್ಲ ನಾನು ಎಲ್ಲಿಗೋ ಹೊರಟಿರುತ್ತಿದ್ದೆನಂತೆ.

ಅವರು ಹೋದ ಮೇಲೆ ಹಿಂದಿನ ಅಂಗಳದ ಬಿಸಿಲಲ್ಲಿ ಚಾಪೆ ಹಾಸಿ ಬೈಬಲ್ ತೆರೆದೆ. ಕೆಲಸ ಮಾಡಿ ಸೋತು, ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿಯ ಕಥೆ. ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಪಾಠ ಮಾಡಿಲ್ಲ! ಇವತ್ತೇ ಗಮನಿಸಿದ್ದು: ದೇವದೂತ ಅವನನ್ನು ಬೈಯಲೇ ಇಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ.

ಹುಗ್ಗಿ ತಿಂದೆ. ಮಲಗಿದೆ. ಎಚ್ಚರವಾದಾಗ ಬಿಸಿಲು ಹೋಗಿತ್ತು. ಯಾರೋ ಶಾಲು ಹೊದಿಸಿದ್ದರು.

೨೦ ಡಿಸೆಂಬರ್, ಬುಧವಾರ

ಮೂರು ದಿನ ಬರೆಯಲೇ ಇಲ್ಲ. ನಿದ್ದೆ ಮಾಡಿದೆ. ಎಷ್ಟು ವರ್ಷದ ಬಾಕಿಯೋ!

ಇವತ್ತು ಬರೆಯಲೇಬೇಕು. ಖುಷಿಯೋ ಹೆದರಿಕೆಯೋ ತಿಳಿಯದು.

ನಾನು ಬಾಯಿ ಮುಚ್ಚಿದಾಗಿನಿಂದ ಮನೆಯಲ್ಲಿ ಒಂದು ವಿಚಿತ್ರ ನಡೆದಿದೆ. ಧನ್ಯಾ ಮಾತಾಡುತ್ತಿದ್ದಾಳೆ. ಕನ್ನಡ! ಊಟಕ್ಕೆ ಕೂತಾಗ ಮನೆ ಬಣಬಣ ಎನ್ನುತ್ತದೆಂದು ಅವಳೇ ಶುರು ಮಾಡುತ್ತಾಳೆ. ಟೀಚರ್ ಬೈದದ್ದು, ಗೆಳತಿಯ ಜೊತೆ ಕಟ್ಟಿಯಾಗಿ ಮಾತು ಬಿಟ್ಟದ್ದು, ಎಲ್ಲ. ಅರ್ಧ ವಾಕ್ಯ ತಪ್ಪು. ತಿದ್ದಲು ನನಗೆ ದನಿಯಿಲ್ಲ. ಅವಳು ಮುಂದಕ್ಕೆ ಹೋಗುತ್ತಲೇ ಇರುತ್ತಾಳೆ.

ಈ ಸಂಜೆ ಅಪ್ಪ ಮಗಳು ಒಟ್ಟಿಗೆ ಒಳಗೆ ಬಂದರು, ಕಳ್ಳರ ಹಾಗೆ.

"ಅಮ್ಮಾ, ಸೆಕೆಂಡ್ ವಾಲಾ ಚರಣ ನಾನು ಹಾಡ್ತೀನಿ. ಫೈನಲ್ ಆಗಿದೆ. ಪಪ್ಪಾ ನನ್ನ ಪ್ರ್ಯಾಕ್ಟೀಸ್‌ಗೆ ಕರ್ಕೊಂಡ್ ಹೋಗ್ತಿದ್ರು. ಈಗ ಹಾಗ್ ನೋಡ್ಬೇಡ, ಪ್ಲೀಸ್!"

ಹೇಗೆ ನೋಡಿದೆನೋ! ಸ್ಲೇಟು ತೆಗೆದುಕೊಂಡೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಎಳೆಯಬಾರದು, ಕೈ ಎಲ್ಲಿಡಬೇಕು... ಎರಡೂ ಬದಿ ತುಂಬಿತು. ಮಗು ಕಾಯುತ್ತ ನಿಂತಿತ್ತು. ಅದರ ಮುಖ ನೋಡಿದೆ. ಅಂಗೈಯಿಂದ ಅಷ್ಟೂ ಒರೆಸಿದೆ. "ಸರಿ" ಎಂದಷ್ಟೇ ಬರೆದೆ.

"ಬಸ್? ಇಷ್ಟೇನಾ?" ಎಂದಳು. ನಂಬಿಕೆಯಾಗಲಿಲ್ಲ ಅವಳಿಗೆ. ನನಗೂ.

೨೪ ಡಿಸೆಂಬರ್, ಮಧ್ಯಾಹ್ನ

ಧನ್ಯಾ ಸ್ನಾನ ಮಾಡುತ್ತಾ ಮೂರನೇ ಚರಣ ಗುನುಗುತ್ತಿದ್ದಾಳೆ. ಎರಡನೆಯದನ್ನು ಗುನುಗಬಾರದೇ? ಮರೆತರೆ? ಕರ್ತನೇ, ಮರೆತರೆ?

೨೫ ಡಿಸೆಂಬರ್, ಬೆಳಗ್ಗೆ

ಮಂಜು. ಕಿಟಕಿಯಾಚೆ ಏನೂ ಕಾಣುವುದಿಲ್ಲ. ಬರೆಯುತ್ತೇನೆ, ಇಲ್ಲದಿದ್ದರೆ ಎದೆ ಒಡೆದೀತು!

ನಿನ್ನೆ ಚರ್ಚು ಕಿಕ್ಕಿರಿದಿತ್ತು. ನಿಲ್ಲಲೂ ಜಾಗವಿಲ್ಲ. ಮಲಯಾಳಿಗಳು ಭರ್ಜರಿಯಾಗಿ ಹಾಡಿ ಇಳಿದರು. ಆಮೇಲೆ ನಾವು. ಸುದರ್ಶನ್ ಶುರು ಮಾಡಿದ, ಅಯ್ಯೋ, ಎಷ್ಟು ನಿಧಾನ! ನನ್ನ ಓಟದ ಅರ್ಧವೂ ಇಲ್ಲ. ಕಾಲು ತಾಳ ಹಾಕಲು ಹೊರಟಿತು. ಇವರು ಮೆಲ್ಲಗೆ ತಮ್ಮ ಬೂಟನ್ನು ನನ್ನ ಚಪ್ಪಲಿಯ ಮೇಲಿಟ್ಟರು.

ಎರಡನೇ ಚರಣ. ಧನ್ಯಾ ಒಂದು ಹೆಜ್ಜೆ ಮುಂದೆ ಬಂದಳು. ನನ್ನ ಶಾಲು ಹೊದ್ದಿದ್ದಳು. ಸಣ್ಣ ದನಿ, ಆದರೆ ಹಿಂದಿನ ಬೆಂಚಿನವರೆಗೂ ಮುಟ್ಟುತ್ತಿತ್ತು. ಮಗುವಿನ ಕಣ್ಣು ಮುಚ್ಚುತ್ತದೆ ಎಂಬ ಸಾಲಿನವರೆಗೆ ಬಂದಳು.

ನಿಂತಳು.

ಕೀಬೋರ್ಡೂ ನಿಂತಿತು. ಮರೆತಳು! ಮುಂದಿನ ಪದ ನನ್ನ ನಾಲಗೆಯ ತುದಿಯಲ್ಲಿದೆ. ಒಂದೇ ಪದ ಕೂಗಿದರೆ ಸಾಕು, ಮಗು ದಡ ಸೇರುತ್ತದೆ. ದನಿ ಹೋದರೆ ಹೋಗಲಿ. ಅರ್ಧ ಎದ್ದೆ. ಬಾಯಿ ತೆರೆದೆ.

ಕರ್ತನೇ, ನೀನೇ ನೋಡಿಕೋ ಎಂದೆ, ಒಳಗೇ. ಈ ಮಾತನ್ನು ಸಾವಿರ ಸಲ ಜೋರಾಗಿ ಪ್ರಾರ್ಥಿಸಿದ್ದೇನೆ, ಎಲ್ಲರಿಗೂ ಕೇಳುವ ಹಾಗೆ. ನಿಜವಾಗಿ ಹೇಳಿದ್ದು ನಿನ್ನೆಯೇ ಮೊದಲು. ಬಾಯಿ ಮುಚ್ಚಿದೆ. ಕೂತೆ.

ಅಷ್ಟು ಜನ, ಒಂದು ಕೆಮ್ಮಿಲ್ಲ. ಆ ಮೌನದಲ್ಲಿ ಅವಳು ಮತ್ತೆ ಎತ್ತಿಕೊಂಡಳು, ಮೊದಲಿಗಿಂತ ಮೆತ್ತಗೆ. ಮುಂದಿನ ಬೆಂಚಿನ ಸಿಖ್ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಅವರಿಗೆ ಕನ್ನಡದ ಗಂಧವೂ ಇರಲಿಕ್ಕಿಲ್ಲ!

ಈಗ ಚಹಾ ತಂದುಕೊಟ್ಟಳು. ಮರೆತುಹೋಗಿತ್ತಾ ಎಂದು ಸ್ಲೇಟಿನಲ್ಲಿ ಕೇಳಿದೆ. ಕಣ್ಣರಳಿಸಿದಳು.

"ಮರ್ತಿರ್ಲಿಲ್ಲಮ್ಮಾ! ಹಾಡಲ್ಲಿ ಪಾಪು ಈಗ್ ತಾನೇ ಮಲ್ಗುತ್ತಲ್ವಾ? ಝಟ್ ಸೇ ಹೇಗ್ ಹಾಡೋದು? ಎದ್ದು ಅಳಲ್ವಾ?"

ಬೇಕೆಂದೇ ನಿಲ್ಲಿಸಿದ್ದಳು. ಸುದರ್ಶನ್‌ಗೂ ಮೊದಲೇ ಗೊತ್ತಿತ್ತಂತೆ. ಮೂವತ್ತು ವರ್ಷ ಈ ಲಾಲಿ ಹಾಡಿದ್ದೇನೆ. ಒಂದು ಸಲವಾದರೂ ಆ ಮಗುವನ್ನು ಮಲಗಲು ಬಿಡಲಿಲ್ಲ. ಅವಳನ್ನು ಹತ್ತಿರ ಎಳೆದು ಮುತ್ತಿಟ್ಟೆ. ಚಹಾ ಚೆಲ್ಲಿತು.

ಇವತ್ತು ಸಭೆಯವರೆಲ್ಲರ ಊಟ ನಮ್ಮ ಅಂಗಳದಲ್ಲಿ. ಅಡುಗೆಮನೆಯಲ್ಲಿ ಇವರು, ಪದ್ಮಾ, ಸೋಮಶೇಖರ್ ಅಂಕಲ್. ನಾನು ಹೊಸಿಲಿಗೆ ಬಂದರೆ ಮೂವರೂ ಒಟ್ಟಿಗೆ "ಹೋಗಿ ಕೂತ್ಕೋ", "ಕೂತ್ಕೊಳ್ಳಿ" ಎನ್ನುತ್ತಾರೆ. ಪುಲಾವಿಗೆ ಉಪ್ಪು ಹಾಕಿದರೋ ಇಲ್ಲವೋ. ನಗು ಕೇಳಿಸುತ್ತಿದೆ, ಏನೋ ಬಿದ್ದದ್ದೂ ಕೇಳಿಸಿತು.

ಕುಕ್ಕರ್ ಕೂಗಿತು. ಮೂರನೇ ಸಲ. ಇನ್ನು ಆರಿಸಬೇಕು. ಯಾರೂ ಆರಿಸುತ್ತಿಲ್ಲ. ನಾಲ್ಕು! ಅನ್ನ ಮುದ್ದೆಯಾಗುತ್ತದೆ, ಕರ್ತನೇ. ಆಗಲಿ. ಕೂತಿದ್ದೇನೆ. ನೋಡು, ಕೂತೇ—