ಒತ್ತು ಎಲ್ಲಿ, ಮೇಷ್ಟ್ರೇ?

ಮೇಷ್ಟ್ರೇ,

ಇಂದು ಬೆಳಿಗ್ಗೆ ತರಗತಿಯಲ್ಲಿ ‘ಫೋಟೋಗ್ರಫಿ’ ಎಂಬ ಇಂಗ್ಲಿಷ್ ಪದವನ್ನು ಬೋರ್ಡಿನ ಮೇಲೆ ಬರೆದು, ನೀವು ಕಲಿಸಿದಂತೆ ನಾಲ್ಕು ತುಂಡು ಮಾಡಿದೆ. ಉಚ್ಚರಿಸುವಾಗ ಒತ್ತು ಬೀಳುವ ತುಂಡಿಗೆ ಮೇಜು ಕುಟ್ಟಬೇಕು. ಅದು ಯಾವ ತುಂಡೆಂದು ಹೊಳೆಯದೆ, ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಇಪ್ಪತ್ತೆರಡು ವರ್ಷ ಇದನ್ನೇ ಕಲಿಸಿ ಹೊಟ್ಟೆ ಹೊರೆದವನು ನಾನು.

“ಸಾರ್, ಬಸ್ ನಿಲ್ಲಿಸ್ತಿದೀರಾ?” ಎಂದಳು ಇಂಗ್ಲಿಷ್ ಕಲಿಯಲು ಬರುವ, ಮುಂದಿನ ಸಾಲಿನ ನರ್ಸ್.

“ನಿಮ್ಮಲ್ಲಿ ಯಾರಾದ್ರೂ ಹತ್ತಲಿ ಅಂತ ಕಾಯ್ತಿದೀನಮ್ಮ,” ಎಂದೆ. ಎಲ್ಲರೂ ನಕ್ಕರು. ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಈ ವಾರ ಇದು ಮೂರನೆಯ ಸಲ.

ನಿಮಗೂ ಹೀಗೇ ಶುರುವಾಯಿತಲ್ಲವೇ? ಬೋರ್ಡಿನೆದುರು ನೀವು ಮೂಕರಾಗಿ ನಿಂತ ದಿನ, “ರೆಸ್ಟ್ ತಗೊಳ್ಳಿ ಮೇಷ್ಟ್ರೇ” ಎಂದು ಮನೆಗೆ ಕಳಿಸಿದವನು, ಆಗ ನಿಮ್ಮ ಜೊತೆಗೇ ಕಲಿಸುತ್ತಿದ್ದ ನಾನೇ. ಸಾಯುವ ಮುನ್ನ ನೀರು ಕೇಳಲೂ ನಿಮಗೆ ಮಾತಿರಲಿಲ್ಲವಂತೆ. ಆ ದಿನದಿಂದ ಅಲ್ಲಿಯವರೆಗೆ ಎಷ್ಟು ತಿಂಗಳು ಹಿಡಿಯಿತು? ಒಮ್ಮೆ ನೋಡಲು ಬಂದಿದ್ದರೆ ಗೊತ್ತಿರುತ್ತಿತ್ತು.