ಬಿಜಲಿಯ ಪಾಲಿನ ಸೇಂದಿ

ಕೌತಾಳಂ, 6-2-1935

ಆದವಾನಿಯ ಅಬಕಾರಿ ಇನ್‌ಸ್ಪೆಕ್ಟರ್ ಸಾಹೇಬರಿಗೆ ಹತ್ತಿ ವ್ಯಾಪಾರಿ ಮರಿಬಸಪ್ಪನ ಶರಣು.

ಭಾನುವಾರದ ಪಂದ್ಯದಲ್ಲಿ ನಮ್ಮ ಕುದುರೆ ಬಿಜಲಿ ಓಡುತ್ತದೆ! ಪೆದ್ದಕಡುಬೂರಿನವರ ಕುದುರೆಯನ್ನು ಈ ಸಲ ಹಿಂದೆ ಹಾಕಿಯೇ ಹಾಕುತ್ತದೆ! ಮೂರು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಓಟಕ್ಕೆ ಮುಂಚೆ ಅದಕ್ಕೆ ನೆನೆಸಿದ ಕಡಲೆಯಲ್ಲಿ ಒಂದು ಬಾಟಲಿ ಸೇಂದಿ ಕಲಸಿ ಕೊಡಬೇಕು, ಇಲ್ಲದಿದ್ದರೆ ನಿಂತಲ್ಲಿಂದ ಕದಲುವುದಿಲ್ಲ. ನಮಗೆ ಮಾರಿದವರು ಹಚ್ಚಿದ ಚಟ. ಮೈದಾನಕ್ಕೆ ಸ್ವಂತ ಸೇಂದಿ ತರುವುದಾದರೆ ಕುಡಿಯುವವರ ಹೆಸರಿನಲ್ಲಿ ಚೀಟಿ ಪಡೆಯಬೇಕೆಂದು ತಾವು ಡಂಗುರ ಹೊಡೆಸಿದ್ದೀರಿ. ನಾನು ಬಿಜಲಿಯ ಹೆಸರು ಹೇಳಿದೆ. ತಮ್ಮ ಗುಮಾಸ್ತರು ನಕ್ಕು, "ಮನುಷ್ಯರ ಹೆಸರು ಹೇಳ್ರಿ" ಎಂದರು.

ನಾನು ಲಿಂಗ ಕಟ್ಟಿದವನು, ಸೇಂದಿಯ ಹನಿ ಮುಟ್ಟಿದವನಲ್ಲ. ಆದರೂ ನನ್ನ ಹೆಸರನ್ನೇ ಬರೆಯಿರಿ. ಹೆದರುತ್ತಲೇ ತಾಯಿ ಬಸಲಿಂಗಮ್ಮನವರನ್ನು ಕೇಳಿದೆ.

"ಬರೆಸಪ್ಪಾ. ಗೆದ್ದರ ಊರಾಗ ಕುದುರಿ ಸುದ್ದಿ ಆಡ್ತಾರ, ಸೋತರ ನಿನ್ನ ಬಾಟ್ಲಿ ಸುದ್ದಿ ಆಡ್ತಾರ" ಎಂದರು.

ಆದ್ದರಿಂದ ಸೋಲುವ ಮಾತೇ ಬರದಂತೆ, ಬಿಜಲಿಗೆ ಒಂದರ ಬದಲು ಎರಡು ಬಾಟಲಿಗೆ ದಯವಿಟ್ಟು ಚೀಟಿ ಕೊಡಿರಿ.

ತಮ್ಮ ವಿಧೇಯ,
ಮರಿಬಸಪ್ಪ