ಕಾರು ತಂದವರೇ ಸ್ಪ್ಯಾನರ್ ಹಿಡಿಯಬೇಕು

ನೋಂದಣಿ ಅಧಿಕಾರಿಗಳಿಗೆ ನಮಸ್ಕಾರ.

ಬೀದಿಯವರೆಲ್ಲ ಸೇರಿ ನಡೆಸುವ ನಮ್ಮ ಗ್ಯಾರೇಜನ್ನು ಲಾಭದಾಸೆಯಿಲ್ಲದ ಕಲಿಕಾ ಕೇಂದ್ರವೆಂದು ನೋಂದಾಯಿಸಲು ಕೊಟ್ಟ ಅರ್ಜಿ ನಾಲ್ಕನೇ ಸಲ ವಾಪಸು ಬಂದಿದೆ. ಅಲೆದಲೆದು ನನ್ನ ಚಪ್ಪಲಿ ಸವೆಯಿತು. ಮೊದಲು ಕಪ್ಪುಹಲಗೆ ಇಲ್ಲವೆಂದಿರಿ. ತಂದೆವು, ಈಗ ಅದಕ್ಕೆ ಫ್ಯಾನ್ ಬೆಲ್ಟು ನೇತುಹಾಕುತ್ತೇವೆ. ಈ ಸಲ 'ಇಲ್ಲಿ ಯಾರೂ ಏನೂ ಕಲಿತ ಪುರಾವೆ ಇಲ್ಲ' ಎಂದು ಬರೆದಿದ್ದೀರಿ.

ಸ್ವಾಮಿ, ಮೊನ್ನೆ ತಪಾಸಣೆಗೆ ಬಂದಾಗ ನಿಮ್ಮ ಕಾರು ನಮ್ಮ ಬಾಗಿಲಲ್ಲೇ ಪಂಕ್ಚರ್ ಆಯಿತು. ಕಾರು ತಂದವರೇ ಸ್ಪ್ಯಾನರ್ ಹಿಡಿಯಬೇಕು, ನಾವು ಬಾಯಲ್ಲಷ್ಟೇ ಹೇಳಿಕೊಡುತ್ತೇವೆ; ಅದು ಇಲ್ಲಿಯ ಪದ್ಧತಿ. "ನನ್ನ ಕೈಲಿ ಇದೆಲ್ಲ ಆಗಲ್ಲಮ್ಮ" ಅಂದಿರಿ. ಕೊನೆಗೆ ನೀವೇ ಚಕ್ರ ಬದಲಿಸಿ, ಕಲಿಯಲು ಬಂದವರ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋದಿರಿ.

ಆ ಪುಟದ ನಕಲು ಲಗತ್ತಿಸಿದ್ದೇನೆ. ಇದೂ ಪುರಾವೆಯಲ್ಲ ಎನ್ನುವುದಾದರೆ, ದಯವಿಟ್ಟು ಆ ಚಕ್ರವನ್ನು ನಂಬಿ ಇವತ್ತು ಮನೆಗೆ ಹೋಗಬೇಡಿ.

ಇತಿ,
ಗ್ಯಾರೇಜಿನ ಮೆಕ್ಯಾನಿಕ್ ಅಕ್ಕ